ಕಡಲಿಂದ ಬಂದ ದೋಣಿಗೆ ಸಿಹಿನೀರು

ಹೋದ ತಿಂಗಳು ಮನೆ ಮುಂದೆ ನನ್ನ ಸಣ್ಣ ಹುಟ್ಟುದೋಣಿ ಕಯಾಕ್ ತೊಳೆಯುತ್ತಿದ್ದಾಗ ಕುಂದಾಪುರದಿಂದ ಭಾವನ ವಿಡಿಯೋ ಕಾಲ್ ಬಂತು. ಫೋನನ್ನು ಕಾರಿನ ಗಾಜಿಗೆ ಒರಗಿಸಿಟ್ಟು, ಪೈಪ್ ಕೈಯಲ್ಲಿ ಹಿಡಿದೇ ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ, "ಹ್ವಾಯ್, ಬೆಳಗಿಂದ ನೀರಂಗೇ ಇದ್ದ ದೋಣಿನ ಮತ್ತೆಂತಕ್ಕೆ ಮೀಸೂದು ಮಾರಾಯ?" ಅಂದರು. ಹಿಂದಿನಿಂದ ಅಕ್ಕ ನಕ್ಕಿದ್ದೂ ಕೇಳಿಸಿತು.

ತಮಾಷೆಗೆ ಆಡಿದ ಮಾತು. ಆದರೂ ಚುರುಕ್ ಅಂತು. ಹಿಂದೊಮ್ಮೆ ಊರಿಗೆ ಹೋದಾಗ ಇದೇ ಭಾವನಿಗೆ ಒಂದು ಒಳ್ಳೆಯ ಗಾಳದ ಕೋಲನ್ನು ದಾರ ಸುತ್ತುವ ರೀಲ್ ಸಮೇತ ಕೊಟ್ಟು ಬಂದಿದ್ದೆ. ಮುಂದಿನ ಸಲ ಹೋದಾಗ ಅದು ಅಟ್ಟ ಸೇರಿತ್ತು. ರೀಲಿನ ಹಿಡಿ ತಿರುಗಲೇ ಇಲ್ಲ. ಸ್ಕ್ರೂಗಳ ಸುತ್ತ ಬಿಳಿ ಪುಡಿ ಉಬ್ಬಿತ್ತು. ಅಳಿವೆಯ ಹೊಯ್ಗೆ ಹಾಗೇ ದಾರದ ಸುರುಳಿಯೊಳಗೆ ಕೂತಿತ್ತು. ಕೊಟ್ಟ ದಿನದಿಂದ ಒಂದು ಸಲವೂ ಸಿಹಿನೀರು ಕಾಣದ ರೀಲ್ ಅದು. ಕಡಲ ಬದಿಯಲ್ಲಿ ಇಂಥದ್ದೆಲ್ಲ ಎಲ್ಲಿ ಉಳಿಯುತ್ತದೆ ಎಂದು ಅವರೇ ನನಗೆ ಸಮಾಧಾನ ಹೇಳಿದರು.

ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ. ಕಡಲ ಬದಿಯಲ್ಲೂ ಉಳಿಯುತ್ತದೆ. ನಾನು ಇಲ್ಲಿ ದಿನಾ ನೋಡುತ್ತಿದ್ದೇನೆ.

ನಾನಿರುವುದು ಸಿಡ್ನಿಯ ದಕ್ಷಿಣದಲ್ಲಿ, ಪೋರ್ಟ್ ಹ್ಯಾಕಿಂಗ್ ಅಳಿವೆಯ ಹತ್ತಿರ. ಒಂದು ದಡದಲ್ಲಿ ಮನೆಗಳು, ಎದುರು ದಡದಲ್ಲಿ ರಾಯಲ್ ನ್ಯಾಷನಲ್ ಪಾರ್ಕಿನ ಕಾಡು. ಬಂಡೀನಾ ಅನ್ನುವ ಊರಿನ ಕಡೆ ಹುಟ್ಟು ಹಾಕಿಕೊಂಡು ಹೋದರೆ ಇಳಿತದ ಹೊತ್ತಿಗೆ ಉದ್ದಕ್ಕೆ ಮರಳ ದಿಬ್ಬ ಏಳುತ್ತದೆ. ಆ ಮರಳಿಗೆ ಕೈಪಂಪ್ ಊರಿ ಎಳೆದರೆ ಸೀಗಡಿಯಂಥ ಸಣ್ಣ ಜೀವ ಬರುತ್ತದೆ, ಇಲ್ಲಿಯವರು ನಿಪ್ಪರ್ ಅನ್ನುತ್ತಾರೆ. ಅದನ್ನು ಗಾಳಕ್ಕೆ ಸಿಕ್ಕಿಸಿ ದಿಬ್ಬದ ಅಂಚಿಗೆ ಎಸೆದರೆ ವೈಟಿಂಗ್ ಅನ್ನುವ ಮೀನು ಸಿಗುತ್ತದೆ. ನಮ್ಮ ಕಾಣೆ ಮೀನಿನ ಹತ್ತಿರದ ನೆಂಟ. 27 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ವಾಪಸ್ ಬಿಡಬೇಕು. ದೊಡ್ಡದನ್ನು ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರೆ ಮನೆಯೆಲ್ಲ ಊರಿನ ವಾಸನೆ. ಈ ಊರಲ್ಲಿ ನನಗೆ ಕಡಲು ಪರಕೀಯ ಅನ್ನಿಸದೇ ಇರುವುದು ಆ ಒಂದು ಮೀನಿನಿಂದ.

ಮೀನು ಹಿಡಿಯುವ ರೀತಿಯಲ್ಲಿ ಇಲ್ಲಿಗೂ ಅಲ್ಲಿಗೂ ಅಂಥಾ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರುವುದು ದಡಕ್ಕೆ ಬಂದ ಮೇಲೆ.

ನಾನು ದೋಣಿ ಇಳಿಸುವ ಜಾಗಕ್ಕೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಬರುತ್ತಾರೆ. ಮೊದಲು ಬಸ್ ಓಡಿಸುತ್ತಿದ್ದರಂತೆ. ಅವರು ದಡಕ್ಕೆ ಬಂದ ಮೇಲೆ ಮಾಡುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮೊದಲು ಹುಟ್ಟನ್ನು ನಡುವೆ ಬಿಚ್ಚಿ ಎರಡು ತುಂಡು ಮಾಡುತ್ತಾರೆ. ಆ ಕೂಡುಜಾಗದಲ್ಲಿ ಉಪ್ಪೂ ಮರಳೂ ಸೇರಿ ಗಟ್ಟಿಯಾದರೆ ಆಮೇಲೆ ಇಬ್ಬರು ಎಳೆದರೂ ಬಿಚ್ಚಲು ಬರುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು ಒಳಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸುತ್ತಾರೆ. ಆಮೇಲೆ ರೀಲ್. ದಾರ ಎಷ್ಟು ಬಿಗಿಯಾಗಿ ಬಿಚ್ಚಿಕೊಳ್ಳಬೇಕು ಎಂದು ಹೊಂದಿಸುವ ಡ್ರ್ಯಾಗ್ ಬಿರಡೆಯನ್ನು ಬಿಗಿ ಮಾಡುತ್ತಾರೆ, ಒಳಗಿನ ವಾಷರ್‌ಗಳಿಗೆ ನೀರು ಇಳಿಯಬಾರದು ಅಂತ. ಜೋರು ನೀರು ಬಿಡುವುದೇ ಇಲ್ಲ. ಜೋರು ನೀರು ಉಪ್ಪನ್ನು ಇನ್ನೂ ಒಳಗೆ ತಳ್ಳುತ್ತದೆ, ಬೇರಿಂಗ್‌ನ ಗ್ರೀಸನ್ನೂ ಎಬ್ಬಿಸುತ್ತದೆ. ಗುಲಾಬಿ ಗಿಡಕ್ಕೆ ಚಿಮುಕಿಸಿದ ಹಾಗೆ ಮೆಲ್ಲಗೆ ಚಿಮುಕಿಸಿ, ಒದರಿ, ಬಟ್ಟೆಯಲ್ಲಿ ಒತ್ತಿ, ಕೊನೆಗೆ ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿಡುತ್ತಾರೆ. ದೋಣಿಯ ಮೈಗೆ ಬಟ್ಟೆ ಹಾಕುವ ಮೊದಲು ನೀರು ಬಿಟ್ಟು ಮರಳು ಹರಿದುಹೋಗಲು ಬಿಡುತ್ತಾರೆ. ಮರಳಿನ ಮೇಲೆ ಬಟ್ಟೆ ಉಜ್ಜಿದರೆ ಗೀರು ಖಂಡಿತ. ಬಳಸಿದ ಗಾಳಗಳು ಬಕೆಟ್‌ನಲ್ಲಿ ಮುಳುಗಿರುತ್ತವೆ, ಒಣಗಿದ ಮೇಲಷ್ಟೇ ಡಬ್ಬಿ ಸೇರುತ್ತವೆ. ಲೈಫ್ ಜಾಕೆಟ್, ದೋಣಿ ಎಳೆಯುವ ಗಾಡಿಯ ಚಕ್ರ, ಮೀನಿರುವ ಜಾಗ ತೋರಿಸುವ ಫಿಶ್ ಫೈಂಡರ್‌ನ ವೈರಿನ ತುದಿ, ಯಾವುದನ್ನೂ ಬಿಡುವುದಿಲ್ಲ. ಇದೆಲ್ಲ ಆದ ಮೇಲೇ ಥರ್ಮಾಸ್ ತೆರೆದು ಚಹಾ.

ಅವರ ರೀಲ್ ನನ್ನ ಮಗಳಿಗಿಂತ ಹಳೆಯದು. ಈಗಲೂ ಹಿಡಿ ತಿರುಗಿಸಿದರೆ ಸದ್ದಿಲ್ಲ.

ಭಾವ ಕೇಳಿದ ಪ್ರಶ್ನೆಗೆ ಉತ್ತರ ನಮ್ಮೂರಲ್ಲೇ ಇದೆ. ಒಂದು ಲೀಟರ್ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹರಳಾಗಿ ಸಂದಿಗಳಲ್ಲೇ ಕೂರುತ್ತದೆ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಆ ಹರಳು ಗಾಳಿಯಿಂದಲೇ ನೀರು ಹೀರಿಕೊಂಡು ಮತ್ತೆ ಉಪ್ಪುನೀರಾಗುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಟ್ಟದಲ್ಲಿಟ್ಟ ರೀಲಿನೊಳಗೆ ನಡೆಯುವುದೂ ಅದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಹಗಲೂ ರಾತ್ರಿ ಕಡಲಲ್ಲಿ ಬಿದ್ದಿದ್ದಕ್ಕೆ ಸಮ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಇದ್ದರೆ ಇನ್ನೂ ಬೇಗ. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಸಣ್ಣಗೆ ಕರೆಂಟ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ. ನಾನು ಕಂಡ ಬಿಳಿ ಪುಡಿ ಅದೇ. ಕಯಾಕಿನ ಮೈ ಪ್ಲಾಸ್ಟಿಕ್, ಅದಕ್ಕೆ ತುಕ್ಕಿಲ್ಲ. ಆದರೆ ಅದಕ್ಕೆ ಹಾಕಿದ ಬೋಲ್ಟ್, ಚುಕ್ಕಾಣಿಯ ಪಿನ್, ಸೀಟಿನ ಕೊಳವೆ ಎಲ್ಲವೂ ಲೋಹ. ಮರಳಂತೂ ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಒಂದು ಕಾಳು ಒಳಗೆ ಉಳಿದರೂ ತಿರುಗಿದಾಗೆಲ್ಲ ಅರೆಯುತ್ತಲೇ ಇರುತ್ತದೆ.

ಅಂದರೆ ಸಿಡ್ನಿಗಿಂತ ಕುಂದಾಪುರದಲ್ಲೇ ತೊಳೆಯುವುದು ಜಾಸ್ತಿ ಬೇಕು. ನಮ್ಮಲ್ಲೇ ಅದು ಇಲ್ಲ. ನನಗೆ ಬೇಜಾರಾಗುವುದು ಇದಕ್ಕೇ.

ನಮಗೆ ವಸ್ತುಗಳ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆಯುಧ ಪೂಜೆಯ ದಿನ ಅಕ್ಕನ ಮನೆ ನೋಡಬೇಕು. ಬೈಕು, ಪಂಪ್‌ಸೆಟ್, ಕತ್ತಿ, ಹಾರೆ, ತೆಂಗಿನಕಾಯಿ ಸುಲಿಯುವ ಸೂಲಿಗೆ ಎಲ್ಲವೂ ಮಿಂದು, ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದು ಸಾಲಾಗಿ ಕೂತಿರುತ್ತವೆ. ಆ ದಿನ ಭಾವ ಬೈಕಿನ ಕಡ್ಡಿ ಕಡ್ಡಿಯನ್ನೂ ಕೂತು ಒರೆಸುತ್ತಾರೆ. ಆ ಅಕ್ಕರೆ ನಿಜವಾದದ್ದು. ನನ್ನ ಕಣ್ಣು ತುಂಬುವಷ್ಟು ನಿಜ. ಆದರೆ ಆ ಅಕ್ಕರೆ ಮರುದಿನ ಎಲ್ಲಿಗೆ ಹೋಗುತ್ತದೆ? ಹೊರಗಿಂದ ಬಂದು ಕಾಲು ತೊಳೆಯದೆ ಹೊಸ್ತಿಲು ದಾಟಿದರೆ ಅಮ್ಮ ಬಿಡುತ್ತಿರಲಿಲ್ಲ. ಅದೇ ಜಗಲಿಯ ಮೂಲೆಯಲ್ಲಿ ಗದ್ದೆಯಿಂದ ಬಂದ ಹಾರೆ ಕೆಸರು ಸಮೇತ ಒರಗಿರುತ್ತಿತ್ತು. ನಮ್ಮ ಕಾಲಿಗೆ ಇದ್ದ ನಿಯಮ ನಮ್ಮ ಹಾರೆಗೆ ಯಾಕಿರಲಿಲ್ಲ?

ನನಗನ್ನಿಸುವುದು, ತೊಳೆಯುವ ಕೆಲಸವನ್ನು ನಾವು ಇನ್ನೊಬ್ಬರದ್ದು ಅಂತ ಇಟ್ಟುಕೊಂಡಿದ್ದೇವೆ. ಮೀನು ಹಿಡಿಯುವುದು ನಮ್ಮ ಖುಷಿ, ತೊಳೆಯುವುದು ಹುಡುಗರ ಕೆಲಸ. ಹುಡುಗ ಇಲ್ಲದಿದ್ದರೆ ಹೆಂಗಸರದ್ದು. ಅವರೂ ಇಲ್ಲದಿದ್ದರೆ ನಾಳೆಯದ್ದು. ಇಲ್ಲಿನ ದಡದಲ್ಲಿ ಡಾಕ್ಟರೂ ಪ್ಲಂಬರೂ ಒಂದೇ ನಲ್ಲಿಗೆ ಸರದಿ ನಿಲ್ಲುತ್ತಾರೆ. ಯಾರ ದೋಣಿಯನ್ನೂ ಇನ್ನೊಬ್ಬರು ತೊಳೆಯುವುದಿಲ್ಲ. ಹಿಡಿದವನದ್ದೇ ಕೆಲಸ. ಇದು ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ವಿಷಯ. ಊರಿಗೆ ಹೋದಾಗ ಇದೇ ಸಿಗುವುದಿಲ್ಲ.

ಇನ್ನೊಂದು ಸಂಗತಿ. 2000ದಲ್ಲಿ ಪೋರ್ಟ್ ಹ್ಯಾಕಿಂಗ್‌ನಲ್ಲೇ ಕೌಲರ್ಪಾ ಅನ್ನುವ ಹೊರಗಿನ ಕಡಲಪಾಚಿ ಕಾಣಿಸಿಕೊಂಡಿತು. ಅಕ್ವೇರಿಯಂನಲ್ಲಿ ಚಂದಕ್ಕೆ ಇಡುವ ಜಾತಿ. ಅದರ ಒಂದು ಸಣ್ಣ ತುಂಡು ಲಂಗರಿಗೋ ಹಗ್ಗಕ್ಕೋ ಸಿಕ್ಕಿ ಇನ್ನೊಂದು ಅಳಿವೆಗೆ ಹೋದರೆ ಸಾಕು, ಅಲ್ಲೂ ಬೆಳೆಯುತ್ತದೆ. ಅದಕ್ಕೇ ಇಲ್ಲಿ ಲಂಗರು, ಹಗ್ಗ, ಬಲೆ ಎಲ್ಲವನ್ನೂ ನೋಡಿ, ಪಾಚಿ ಇದ್ದರೆ ಕಿತ್ತು ಚೀಲಕ್ಕೆ ಹಾಕಿ, ಕಸದ ಡಬ್ಬಿಗೇ ಹಾಕಬೇಕು. ವಾಪಸ್ ನೀರಿಗೆ ಎಸೆಯುವ ಹಾಗಿಲ್ಲ. ತೊಳೆಯುವುದು ನಮ್ಮ ರೀಲ್ ಉಳಿಸಿಕೊಳ್ಳುವುದಕ್ಕೆ ಮಾತ್ರ ಅಲ್ಲ ಎಂದು ನನಗೆ ಅರ್ಥವಾದದ್ದು ಆಗ. ನಮ್ಮ ಹಿನ್ನೀರಿಗೂ ಈ ಎಚ್ಚರ ಬೇಕು ಅಲ್ವಾ?

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಕುಂದಾಪುರದ ಪಕ್ಕದ ಗಂಗೊಳ್ಳಿಯ ಬಂದರನ್ನು ಬಿಟ್ಟು ಮಾತಾಡಿದರೆ ಅನ್ಯಾಯ ಆಗುತ್ತದೆ.

ಹೊಟ್ಟೆಪಾಡಿಗೆ ಕಡಲಿಗಿಳಿಯುವವರು ತಮ್ಮ ಸಾಮಾನನ್ನು ಹಾಳು ಮಾಡಿಕೊಳ್ಳುವವರಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವಾಗ ದೋಣಿಗಳು ದಡ ಹತ್ತುತ್ತವೆ. ಬಲೆಯ ಒಂದೊಂದು ಕಣ್ಣನ್ನೂ ಬೆರಳಲ್ಲಿ ಹಿಡಿದು ನೋಡುತ್ತಾರೆ, ಹರಿದದ್ದನ್ನು ಹೆಣೆಯುತ್ತಾರೆ. ಮರದ ದೋಣಿಗೆ ಮೀನೆಣ್ಣೆ, ಗೇರು ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕರಾವಳಿಯ ಹಳೆಯ ವಿದ್ಯೆ. ಆ ಎಣ್ಣೆಯ ಘಾಟು ಹತ್ತಿದರೆ ಕೈಯಿಂದ ವಾರ ಹೋಗುವುದಿಲ್ಲ. ನನ್ನಂಥ ವಾರದ ಕೊನೆಯ ಗಾಳದವನಿಗಿಂತ ಅವರ ಆರೈಕೆ ಎಷ್ಟೋ ಆಳದ್ದು. ನಾನು ಬಯ್ಯುತ್ತಿರುವುದು ನಮ್ಮಂಥ ಹವ್ಯಾಸದವರನ್ನು, ಅವರನ್ನಲ್ಲ.

ನೀರಿನ ಮಾತೂ ಇದೆ. ಇಲ್ಲಿ ನಲ್ಲಿ ತಿರುಗಿಸಿದರೆ ಅಣೆಕಟ್ಟಿನ ಸಿಹಿನೀರು ಅಂಗಳಕ್ಕೇ ಬರುತ್ತದೆ. ಗಂಗೊಳ್ಳಿ, ಕೋಡಿ ಕಡೆ ಬೇಸಿಗೆಯಲ್ಲಿ ಬಾವಿ ನೀರೇ ಉಪ್ಪಾಗುತ್ತದೆ. ಉಪ್ಪುನೀರಲ್ಲಿ ಉಪ್ಪು ತೊಳೆಯಲು ಆಗುತ್ತದಾ? ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವ ಮನೆಯಲ್ಲಿ ದೋಣಿಗೆ ಪೈಪ್ ಬಿಡು ಅನ್ನಲು ಬಾಯಿ ಬರುವುದಿಲ್ಲ.

ಆದರೂ ಒಂದು ಮಾತು. 2019ರ ಡಿಸೆಂಬರ್‌ನಲ್ಲಿ ಬರದಿಂದಾಗಿ ಸಿಡ್ನಿಯಲ್ಲಿ ಎರಡನೇ ಹಂತದ ನೀರಿನ ನಿರ್ಬಂಧ ಬಂದಾಗ ನಾವೂ ಪೈಪ್ ಬಿಟ್ಟು ಬಕೆಟ್ ಹಿಡಿದೆವು. ಆಗ ಗೊತ್ತಾಯಿತು, ಬೇಕಾಗುವುದು ಅಷ್ಟು ನೀರೇನಲ್ಲ. ರೀಲಿಗೆ ಒಂದು ಚೊಂಬು. ಗಾಳಗಳಿಗೆ ಇನ್ನೊಂದು. ಹುಟ್ಟಿನ ಕೂಡುಜಾಗ, ಬೋಲ್ಟ್, ಚಕ್ರ ಎಲ್ಲಕ್ಕೂ ಒಂದು ಬಕೆಟ್ ಧಾರಾಳ. ದೋಣಿಯ ಮೈಗೆ ಹಸಿ ಬಟ್ಟೆ ಸಾಕು. ತೊಳೆದುಳಿದ ಉಪ್ಪುನೀರನ್ನು ಮಾತ್ರ ಗಿಡಕ್ಕೆ ಸುರಿಯುವ ಹಾಗಿಲ್ಲ.

ಈಗ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆಯೂ ಕಯಾಕ್ ಓಡುತ್ತಿವೆ. ಫೋಟೋ ನೋಡಿದರೆ ಇಲ್ಲಿಂದ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ. ನಮ್ಮ ಹಿನ್ನೀರಿನ ಪ್ರತಿ ಇಳಿದಾಣದಲ್ಲೂ ಮಾಡಿನ ಮಳೆನೀರು ಹಿಡಿಯುವ ಒಂದು ಟ್ಯಾಂಕ್, ಅದಕ್ಕೊಂದು ನಲ್ಲಿ ಇರಲಿ ಎಂಬುದು ನನ್ನ ಆಸೆ. ಸಿಡ್ನಿಗೆ ವರ್ಷಕ್ಕೆ ಬರುವುದು ಸುಮಾರು 1200 ಮಿಲಿಮೀಟರ್ ಮಳೆ. ನಮ್ಮ ಉಡುಪಿ ಕಡೆ 4000 ಮಿಲಿಮೀಟರ್ ಆಸುಪಾಸು. ದೊಡ್ಡ ಟ್ಯಾಂಕ್ ಇಟ್ಟರೆ ಫೆಬ್ರವರಿ ತನಕವಾದರೂ ಬಂದೀತು. ಏಪ್ರಿಲ್, ಮೇ ತಿಂಗಳಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಆಗ ಟ್ಯಾಂಕಿನಲ್ಲಿ ನೀರು ಉಳಿದಿದ್ದರೂ ಅದು ಮೊದಲು ಪಕ್ಕದ ಮನೆಗಳ ಕೊಡಕ್ಕೇ ಹೋಗಬೇಕು.