ಒಂದೇ ಥರದ ಐವತ್ತು ಸಾಲು: ಟೇಬಲ್ ಮಾಡಬೇಕೆ?

ಪರ

ಪುಣೆಯ ಹಿಂಜೆವಾಡಿಯ ಆಫೀಸಿನಲ್ಲಿ ಬೆಳಗಾವಿಯ ಅಕ್ಕ, ವಿಜಯಪುರದ ನಾನು ಒಂದು ಹಳೇ ಈಥರ್ನೆಟ್ ಡ್ರೈವರ್ (ನೆಟ್‌ವರ್ಕ್ ಕಾರ್ಡನ್ನು ನಡೆಸುವ ಕೋಡು) ಬಿಚ್ಚಿಕೊಂಡು ಕೂತಿದ್ದೆವು. ಕಾರ್ಡು ಇಡುವ ಲೆಕ್ಕಗಳನ್ನು, ಅಂದರೆ ಕೌಂಟರ್‌ಗಳನ್ನು, ಓದುವ ಫಂಕ್ಷನ್ನಿನಲ್ಲಿ ಐವತ್ತು ಸಾಲು, ಎಲ್ಲವೂ ಒಂದೇ ಅಚ್ಚು: ರಿಜಿಸ್ಟರ್ (ಕಾರ್ಡಿನಲ್ಲಿ ಆ ಲೆಕ್ಕವಿರುವ ಜಾಗ) ಓದು, ಹಳೆಯ ಮೊತ್ತಕ್ಕೆ ಕೂಡಿಸು. ಈ ಲೆಕ್ಕಗಳನ್ನು ಪರದೆಗೆ ತರುವ ಈಥ್‌ಟೂಲ್ ಎಂಬ ಕಮಾಂಡಿಗೆ ತೋರಿಸಲು ಅದೇ ಹೆಸರುಗಳು ಕೆಳಗೆ ಇನ್ನೊಮ್ಮೆ. ಹೆಸರು, ವಿಳಾಸ, ಕೂಡಿಸಬೇಕಾದ ಜಾಗ ಮೂರನ್ನೂ ಒಂದೇ ಟೇಬಲಿನಲ್ಲಿಟ್ಟು ಒಂದು ಲೂಪ್ ಬರೆದರೆ ಮುಗಿಯಿತು.

ಒಂದೇ ಥರದ ಸಾಲುಗಳ ಮೇಲೆ ಕಣ್ಣು ಜಾರುತ್ತದೆ. 2014ರಲ್ಲಿ ಆಪಲ್ ಸರಿಪಡಿಸಿದ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಕೋಡು) ದೋಷದಲ್ಲಿ 'ಗೋಟು ಫೇಲ್' (ಕೊನೆಯ 'ಫೇಲ್' ಭಾಗಕ್ಕೆ ಹಾರು) ಎಂಬ ಸಾಲು ಎರಡು ಸಲ ಬಿದ್ದಿತ್ತು. ಎರಡನೆಯದು ಸಹಿಯ ಪರೀಕ್ಷೆಯನ್ನೇ ಹಾರಿಸುತ್ತಿತ್ತು. ನಮ್ಮ ಡ್ರೈವರಿನಲ್ಲಿ ಹೆಸರಿನ ಕ್ರಮ ಒಂದು ಮನೆ ತಪ್ಪಿದರೂ ಸಿಆರ್‌ಸಿ ತಪ್ಪುಗಳ (ದಾರಿಯಲ್ಲಿ ಕೆಟ್ಟುಬಂದ ಪ್ಯಾಕೆಟ್‌ಗಳ) ಲೆಕ್ಕ ಬೇರೆ ಹೆಸರಿನಡಿ ಕಾಣಿಸುತ್ತದೆ, ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಹಿಂದಿನ ಕೆಲಸದಲ್ಲಿ ಇಂಥದ್ದೇ ತಪ್ಪಿನಿಂದ ಎರಡು ದಿನ ಕೇಬಲ್ ಬದಲಿಸುತ್ತ ಕಳೆದಿದ್ದೇನೆ. ಕೇಬಲ್ ಸರಿಯಾಗೇ ಇತ್ತು.

ವಿರೋಧ

ಹೆಸರುಗಳ ಮಾತು ಒಪ್ಪಿದೆ, ತಮ್ಮಾ. ಅವನ್ನು ಟೇಬಲ್ ಮಾಡು. ರಿಜಿಸ್ಟರ್ ಓದುವ ಸಾಲುಗಳನ್ನು ಮಾತ್ರ ಮುಟ್ಟಬೇಡ. ಅವು ನೋಡಲಷ್ಟೇ ಒಂದೇ ಥರ.

ಇಂಟೆಲ್‌ನ ಇ1000 ಕಾರ್ಡನ್ನೇ ನೋಡು. ಅದರ ಕೌಂಟರ್‌ಗಳು ಓದಿದೊಡನೆ ಸೊನ್ನೆಯಾಗುತ್ತವೆ, ಅದಕ್ಕೇ ಡ್ರೈವರ್ ಕೂಡಿಸುತ್ತ ಹೋಗುವುದು. ಬಂದ ಬೈಟ್‌ಗಳ ಲೆಕ್ಕ 64 ಬಿಟ್‌ನದು. 32ರ ಎರಡು ತುಂಡಾಗಿ ಓದಬೇಕು, ಕೆಳಗಿನ ತುಂಡು ಮೊದಲು. ಮೇಲಿನದನ್ನು ಓದಿದ ಕ್ಷಣ ಎರಡೂ ಅಳಿಸಿಹೋಗುತ್ತವೆ. ಕೆಳಗಿನದರ ಹೆಸರು ಜಿಒಆರ್‌ಸಿಎಲ್, ಮೇಲಿನದರದು ಜಿಒಆರ್‌ಸಿಎಚ್. ನಾಳೆ ಯಾರೋ ಅಂದ ನೋಡಿ ಟೇಬಲನ್ನು ಅಕ್ಷರಕ್ರಮದಲ್ಲಿ ಜೋಡಿಸಿದರೆ 'ಎಚ್' ಮುಂದೆ ಬರುತ್ತದೆ, ಬೈಟ್‌ಗಳು ಸದ್ದಿಲ್ಲದೆ ಮಾಯ. ಇನ್ನು ಕೆಲವು ಕೌಂಟರ್‌ಗಳನ್ನು 82543 ಮತ್ತು ಅದರ ನಂತರದ ಚಿಪ್‌ಗಳಲ್ಲಷ್ಟೇ ಓದಬೇಕು. ಆ ಷರತ್ತನ್ನೂ ಟೇಬಲಿಗೆ ತುರುಕಿದರೆ ನಿನ್ನ ಲೂಪ್ ಈಗಿನ ಫಂಕ್ಷನ್ನಿಗಿಂತ ಗೋಜಲಾಗುತ್ತದೆ. ಲಿನಕ್ಸ್‌ನ ಇ1000 ಡ್ರೈವರಿನಲ್ಲೂ ಈಥ್‌ಟೂಲ್‌ನ ಹೆಸರುಗಳು ಟೇಬಲಿನಲ್ಲಿವೆ, ಓದುವ ಸಾಲುಗಳು ಬಿಡಿಬಿಡಿಯಾಗಿಯೇ ಇವೆ.

ಬೇರೆ ಕೆಲಸದ ಜೊತೆಗಲ್ಲದೆ ಬರಿಯ ಒಪ್ಪಗೊಳಿಸುವ ಪ್ಯಾಚ್‌ಗಳನ್ನು (ಕೋಡಿನ ತಿದ್ದುಪಡಿಗಳನ್ನು) ಲಿನಕ್ಸ್ ಕರ್ನಲ್‌ನ ನೆಟ್‌ವರ್ಕಿಂಗ್ ನಿಯಮಾವಳಿಯೂ ಪ್ರೋತ್ಸಾಹಿಸುವುದಿಲ್ಲ. ಕಾರಣವಿದೆ: ಇಂದು ಸಾಲುಗಳನ್ನು ಕದಲಿಸಿದರೆ, ನಾಳೆ ನಿಜವಾದ ದೋಷಕ್ಕೆ ಬರೆದ ಪ್ಯಾಚ್ ಹಳೆಯ ಸ್ಟೇಬಲ್ ಕರ್ನಲ್ಲಿಗೆ ಕೂರುವುದಿಲ್ಲ.

ಮುಖ್ಯವಾಗಿ, ಈ ಡ್ರೈವರಿನ ಕಾರ್ಡು ನಮ್ಮ ಲ್ಯಾಬಿನಲ್ಲೇ ಇಲ್ಲ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ ಗಲ್ಲಿಯಲ್ಲಿ ಹುಡುಕು, ಸಿಕ್ಕರೆ ತಂದು ಹಾಕು. ಎರಡೂ ಕೋಡಿನ ಮೇಲೆ ಒಂದೇ ಟ್ರಾಫಿಕ್ ಓಡಿಸೋಣ. ಲೆಕ್ಕ ತಾಳೆಯಾದರೆ ರಿವ್ಯೂ ನಾನೇ ಮಾಡುತ್ತೇನೆ.