ಕಣ್ಣೊಳಗೆ ಗ್ಯಾಸ್, ಕಿವಿ ತುಂಬಾ ಉಪದೇಶ

ದುಬೈಯಲ್ಲಿ ರೆಟಿನಾ (ಕಣ್ಣೊಳಗಿನ ಹಿಂಬದಿಯ ಪದರ) ಆಪರೇಷನ್ ಮಾಡಿಸಿಕೊಂಡು ಊರು ಬದಿಯಡ್ಕಕ್ಕೆ ಬಂದಿದ್ದೇನೆ. ಜಗಲಿ ಹತ್ತಿದವರದ್ದೆಲ್ಲ ಒಂದೇ ರಾಗ: "ಅಲ್ಲ ಮಾರಾಯ, ಆಗಲೇ ವಿಮಾನ ಹತ್ತಬಾರದಿತ್ತಾ? ಮಂಗಳೂರಲ್ಲಿ ಡಾಕ್ಟರು ಇಲ್ವಾ?"

ಕಣ್ಣಲ್ಲಿ ಮಿಂಚು ಹೊಡೆದು, ಕಪ್ಪು ಚುಕ್ಕೆ ಜಾಸ್ತಿಯಾಗಿ, ಬದಿಯಿಂದ ಪರದೆ ಇಳಿದ ಹಾಗಾದರೆ ಟಿಕೆಟ್ ಹುಡುಕುತ್ತಾ ಕೂರಲಿಕ್ಕೆ ಆಗುತ್ತದಾ ಮಾವ? ರೆಟಿನಾ ಕಳಚುತ್ತಿದ್ದರೆ ಒಂದೊಂದು ದಿನವೂ ಲೆಕ್ಕ. ಆಪರೇಷನ್ ಆದಮೇಲಂತೂ ರೆಟಿನಾ ಒತ್ತಿ ಹಿಡಿಯಲಿಕ್ಕೆ ಹೆಚ್ಚಾಗಿ ಕಣ್ಣೊಳಗೆ ಗ್ಯಾಸ್ ತುಂಬಿರುತ್ತಾರೆ. ಅದು ಕರಗುವ ತನಕ ವಿಮಾನ ಹತ್ತುವ ಹಾಗೇ ಇಲ್ಲ. ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ, ಕಣ್ಣಿನ ಒತ್ತಡ ಏರಿ, ಉಳಿದ ದೃಷ್ಟಿಯೂ ಹೋಗಬಹುದು. ಕೆಲವು ಗ್ಯಾಸ್ 2-3 ವಾರಕ್ಕೆ ಕರಗುತ್ತದೆ, ಕೆಲವಕ್ಕೆ ಸುಮಾರು 2 ತಿಂಗಳು ಬೇಕು.

ಹಾಗಂತ ಅಲ್ಲಿ ಎಲ್ಲ ಸಲೀಸಾಗಿತ್ತು ಅಂತಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಬಿಟ್ಟು ಕೂರಿಸಿದ ಮೇಲೆ, ಇನ್ಶೂರೆನ್ಸ್ ಒಪ್ಪಿಗೆ ಬಂದಿಲ್ಲ ಅಂದರು. ಎಲ್ಲವೂ ಮಂಜು ಮಂಜು. ಆಗಲೇ ಕೈಗೆ ಫಾರಂ ಕೊಟ್ಟು "ಈ ಗೆರೆ ಮೇಲೆ ಸೈನ್ ಮಾಡಿ" ಅಂದರು. ಗೆರೆ ಕಂಡರೆ ತಾನೇ!

ಅವರನ್ನಾದರೂ ಸಹಿಸಬಹುದು. ನಿನ್ನೆ ದೊಡ್ಡಮ್ಮ ಬಂದು, ಸುಮ್ನೆ ಖರ್ಚು ಮಾಡಿದೆ, ನಂದಿಬಟ್ಟಲು ಹೂವಿನ ರಸ ಬಿಟ್ಟಿದ್ದರೆ ಸಾಕಿತ್ತು ಅಂದರು. ಈಗಲೂ ತಡ ಆಗಿಲ್ಲವಂತೆ. ಹೂ ಕೊಯ್ದೇ ತಂದಿದ್ದರು.