ಕ್ಲಿಂಗಾನರ ಹಣೆ ಬದಲಾದರೆ ನಿಮಗೇನು ನಷ್ಟ?

ಸೈನ್ಸ್ ಫಿಕ್ಷನ್ ಧಾರಾವಾಹಿ ನೋಡುವವರಲ್ಲಿ ಒಂದು ಪಂಗಡ ಇದೆ. ಎಪಿಸೋಡ್ ಹೇಗಿತ್ತು ಅಂತ ಕೇಳಿ ನೋಡಿ, ಅದೊಂದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಯಾವುದೋ ಪಾತ್ರ ಆಡಿದ ಮಾತಿಗೂ ಇವತ್ತಿನ ಮಾತಿಗೂ ತಾಳೆ ಆಗುತ್ತಿಲ್ಲ, ಅಲ್ಲಿಗೆ ಇಡೀ ಸರಣಿ ಕೆಟ್ಟಿತು ಅನ್ನುತ್ತಾರೆ. ಅಧಿಕೃತ ಅಂತ ಒಪ್ಪಿಕೊಂಡ ಕಥೆಗೆ ಇವರ ಭಾಷೆಯಲ್ಲಿ 'ಕ್ಯಾನನ್' ಅಂತ ಹೆಸರು. ನನ್ನ ಅಕ್ಕನ ಮಗ ಈ ಪಂಗಡದ ಖಾಯಂ ಸದಸ್ಯ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಮಳೆಗಾಲದಲ್ಲಿ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ಸೋಮವಾರಪೇಟೆಗೆ ಬರುತ್ತಾನೆ. ಕಕ್ಕಡ ಅಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳು. ಆ ಮಳೆಯಲ್ಲಿ ನೆಟ್‌ವರ್ಕೂ ಇರಲ್ಲ, ಕರೆಂಟೂ ಇರಲ್ಲ. ಕೆಲಸ ಎಲ್ಲಿಂದ ಆಗಬೇಕು? ನನ್ನ ಜೊತೆ ವಾದಕ್ಕೆ ಕೂರುತ್ತಾನೆ.

"ಮಾವ, ಸ್ಪಾಕ್‌ಗೆ ಒಬ್ಬಳು ಸಾಕು ಅಕ್ಕ ಇದ್ದಳಂತೆ. ಐವತ್ತು ವರ್ಷ ಯಾರೂ ಉಸಿರೆತ್ತಲಿಲ್ಲ, ಈಗ ಹೇಳ್ತಿದ್ದಾರೆ. ಇದನ್ನ ನಂಬಬೇಕಾ?"

2017ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್: ಡಿಸ್ಕವರಿ' ಮೇಲೆ ಇವನ ಸಿಟ್ಟು ಇದು. ಸ್ಪಾಕ್ ಅಂದರೆ ಮೂಲ ಸ್ಟಾರ್ ಟ್ರೆಕ್‌ನ ಬಾಹ್ಯಾಕಾಶ ಹಡಗಿನ ಅಧಿಕಾರಿ, ಅರ್ಧ ಮನುಷ್ಯ, ಅರ್ಧ ವಲ್ಕನ್ ಗ್ರಹದವನು. ಇವನೊಬ್ಬನದಲ್ಲ, ಲೋಕದ ಅರ್ಧ ಅಭಿಮಾನಿಗಳದ್ದೂ ಇದೇ ತಕರಾರು. ನಾನು ಹೇಳಿದೆ, ಅಲ್ಲಪ್ಪ, ಸ್ಪಾಕ್ ಯಾವಾಗ ತಾನೆ ಮನೆ ವಿಷಯ ಬಾಯಿ ಬಿಟ್ಟಿದ್ದಾನೆ? 1967ರಲ್ಲಿ ಬಂದ ಒಂದು ಕಂತಿನಲ್ಲಿ ವಲ್ಕನ್ ಗ್ರಹದ ರಾಯಭಾರಿ ಹೆಂಡತಿ ಸಮೇತ ಹಡಗು ಹತ್ತುತ್ತಾನೆ. ಕ್ಯಾಪ್ಟನ್ ಕರ್ಕ್ ಪಾಪ, ಕೆಳಗೆ ಹೋಗಿ ಅಪ್ಪ ಅಮ್ಮನನ್ನು ನೋಡಿಕೊಂಡು ಬಾ ಅಂತ ಸ್ಪಾಕ್‌ಗೆ ಹೇಳುತ್ತಾನೆ. ಆಗ ಸ್ಪಾಕ್ ತಣ್ಣಗೆ, ಈ ರಾಯಭಾರಿ ದಂಪತಿಯೇ ನನ್ನ ತಂದೆ ತಾಯಿ ಅನ್ನುತ್ತಾನೆ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದವನಿಗೂ ಗೊತ್ತಿರಲಿಲ್ಲ. 1989ರ ಸಿನಿಮಾದಲ್ಲಿ ಒಬ್ಬ ಮಲಸಹೋದರ ಬಂದ. ಅವನ ಸುದ್ದಿಯನ್ನೂ ಸ್ಪಾಕ್ ಎಲ್ಲೂ ಎತ್ತಿರಲಿಲ್ಲ. ಹಾಗಾಗಿ ಈ ಅಕ್ಕ ಬಂದದ್ದು ಅವನ ಸ್ವಭಾವಕ್ಕೆ ಸರಿಯಾಗಿಯೇ ಇದೆ. 'ಡಿಸ್ಕವರಿ' ಬಗ್ಗೆ ನನಗೆ ಬೇರೆ ದೂರುಗಳಿವೆ. ಎರಡು ಕಂತಿಗೊಮ್ಮೆ ಎಲ್ಲರೂ ಅಳುತ್ತಾರೆ, ಅದು ಒಂದು. ಆದರೆ ಅಕ್ಕ ಇದ್ದದ್ದು ದೂರಲ್ಲ.

ಇನ್ನು ಕ್ಲಿಂಗಾನರ ಹಣೆ. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸ್ಟಾರ್ ಟ್ರೆಕ್ 1966ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ ಶುರುವಾಯಿತು. ಬಜೆಟ್ ಬಿಗಿ. ಕ್ಲಿಂಗಾನರು ಅದರಲ್ಲಿ ಬರುವ ಅನ್ಯಗ್ರಹದ ಯೋಧರ ಕುಲ. ಆಗ ಕ್ಲಿಂಗಾನ್ ಅಂದರೆ ಮುಖಕ್ಕೆ ಕಂದು ಬಣ್ಣ, ದಪ್ಪ ಹುಬ್ಬು, ಮೀಸೆ ಗಡ್ಡ. ಅಷ್ಟೇ. 1979ರಲ್ಲಿ ಸಿನಿಮಾ ಮಾಡಿದಾಗ ಕೈಯಲ್ಲಿ ದುಡ್ಡಿತ್ತು, ಹಣೆ ಮೇಲೆ ಮೂಳೆಯ ಏಣುಗಳು ಎದ್ದವು. ಆಮೇಲೆ ಬಂದ ಎಲ್ಲ ಸರಣಿಗಳಲ್ಲೂ ಏಣು ಉಳಿಯಿತು. ಹಾಗಾದರೆ ಹಳೆಯ ಕ್ಲಿಂಗಾನರ ಹಣೆ ನುಣ್ಣಗೆ ಯಾಕಿತ್ತು? ಈ ಪ್ರಶ್ನೆ ಹಿಡಿದು ಅಭಿಮಾನಿಗಳು ವರ್ಷಗಟ್ಟಲೆ ಕಾದಾಡಿದರು.

1996ರಲ್ಲಿ, ಸ್ಟಾರ್ ಟ್ರೆಕ್‌ಗೆ 30 ತುಂಬಿದಾಗ, 'ಡೀಪ್ ಸ್ಪೇಸ್ ನೈನ್' ಅನ್ನುವ ಇನ್ನೊಂದು ಸ್ಟಾರ್ ಟ್ರೆಕ್ ಸರಣಿಯ ತಂಡದವರು ಒಂದು ಚಂದದ ಕೆಲಸ ಮಾಡಿದರು. 1967ರ ಒಂದು ಹಳೆಯ ಕಂತಿನ ದೃಶ್ಯಗಳೊಳಗೆ ತಮ್ಮ ನಟರನ್ನು ಕಂಪ್ಯೂಟರ್ ಸಹಾಯದಿಂದ ನುಗ್ಗಿಸಿದರು. ಅಲ್ಲಿ ನುಣ್ಣನೆ ಹಣೆಯ ಕ್ಲಿಂಗಾನರು ಕೂತಿದ್ದಾರೆ. ಇವರ ಜೊತೆ ಬಂದ ಕ್ಲಿಂಗಾನ್ ವೋರ್ಫ್‌ನ ಹಣೆಯಲ್ಲಿ ಏಣುಗಳಿವೆ. ಎಲ್ಲರೂ ಅವನ ಮುಖ ನೋಡುತ್ತಾರೆ. ಅವನು ಮುಖ ಗಂಟಿಕ್ಕಿಕೊಂಡು, ಅದು ನಮ್ಮವರ ವಿಷಯ, ಹೊರಗಿನವರ ಹತ್ತಿರ ಮಾತಾಡುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿ ಮುಗಿಸುತ್ತಾನೆ. ಮೇಕಪ್ ಬದಲಾಗಿದೆ ಅಂತ ಬರೆದವರಿಗೂ ಗೊತ್ತು, ನಮಗೂ ಗೊತ್ತು. ನಕ್ಕು ಮುಂದೆ ಹೋಗೋಣ ಅನ್ನುವ ಒಪ್ಪಂದ ಅದು. ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಆದರೆ ಸುಮ್ನೆ ಬಿಡಲಿಲ್ಲ. 2005ರಲ್ಲಿ 'ಎಂಟರ್‌ಪ್ರೈಸ್' ಸರಣಿ ಎರಡು ಕಂತು ಖರ್ಚು ಮಾಡಿ, ಒಂದು ವೈರಸ್ ತಂದು, ಹಣೆ ನುಣ್ಣಗಾದ ಕಾರಣ ವಿವರಿಸಿತು. ನನ್ನ ಅಳಿಯನಿಗೆ ಆ ಕಂತುಗಳು ಪ್ರಾಣ. ನನಗೆ ನೋಡುವಾಗ ಲೆಕ್ಕಪತ್ರ ತಪಾಸಣೆಗೆ ಕೂತಂತೆ ಆಯಿತು. ತಮಾಷೆ ಎಂದರೆ, ಅಷ್ಟು ಕಷ್ಟಪಟ್ಟು ಲೆಕ್ಕ ಸರಿ ಮಾಡಿದ ಮೇಲೆ 2017ರಲ್ಲಿ ಬೇರೆಯವರು ಬಂದು ಕ್ಲಿಂಗಾನರ ತಲೆಯ ಕೂದಲನ್ನೇ ತೆಗೆದುಬಿಟ್ಟರು!

ಈ ತಾಳೆ ನೋಡುವ ಚಟ ಬಂದದ್ದೇ ಮತ್ತೆ ಮತ್ತೆ ನೋಡಲು ಸಾಧ್ಯವಾದ ಮೇಲೆ ಅಂತ ನನ್ನ ಗುಮಾನಿ. ನಾವು ಮೂಲ ಸ್ಟಾರ್ ಟ್ರೆಕ್ ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ. ಆಂಟೆನಾ ತಿರುಗಿಸಲು ಒಬ್ಬ ಹೆಂಚಿನ ಮೇಲೆ, "ಬಂತಾ?" ಅಂತ ಕೂಗು, "ಇನ್ನೂ ಸ್ವಲ್ಪ ಬಲಕ್ಕೆ" ಅಂತ ಉತ್ತರ. ಅರ್ಧ ಕಂತಿನಲ್ಲಿ ಎಲ್ಲೋ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಮುಗಿಯಿತು, ಆ ಕಥೆಯ ಕೊನೆ ಏನಾಯಿತು ಅಂತ ದೇವರಿಗೇ ಗೊತ್ತು. ಹೋದ ವಾರದ್ದಕ್ಕೂ ಈ ವಾರದ್ದಕ್ಕೂ ತಾಳೆ ಹಾಕುವವರು ಯಾರು?

ಬರೆಯುವವರ ಪಾಡೂ ಅಷ್ಟೇ. ಬ್ರಿಟನ್ನಿನ 'ಡಾಕ್ಟರ್ ಹೂ' 1963ರಲ್ಲಿ ಶುರುವಾಗಿದ್ದು. ಟೇಪ್ ದುಬಾರಿ, ಮರುಪ್ರಸಾರ ಕಡಿಮೆ. ಹಾಗಾಗಿ ಬಿಬಿಸಿಯವರು ಹಳೆಯ ಕಂತುಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿದರು. ಅರವತ್ತರ ದಶಕದ ಹತ್ತಾರು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಧ್ವನಿ ಮಾತ್ರ ಎಲ್ಲದ್ದೂ ಇದೆ. ಯಾಕೆಂದರೆ ಮನೆಯಲ್ಲಿ ಕೂತು ನೋಡುತ್ತಿದ್ದ ಕೆಲವರು ಟೇಪ್ ರೆಕಾರ್ಡರ್‌ನಲ್ಲಿ ಧ್ವನಿ ಹಿಡಿದಿಟ್ಟುಕೊಂಡಿದ್ದರು. ಅಭಿಮಾನಿಗಳನ್ನು ನಾನು ಎಷ್ಟೇ ಬೈದರೂ ಈ ಒಂದು ಕೆಲಸಕ್ಕೆ ಕೈ ಮುಗಿಯುತ್ತೇನೆ.

ಆ ಸರಣಿ ಇಷ್ಟು ವರ್ಷ ಬದುಕಿದ್ದೇ ತಾಳೆ ತಪ್ಪಿಸಿದ್ದರಿಂದ. 1966ರಲ್ಲಿ ನಾಯಕ ನಟ ವಿಲಿಯಂ ಹಾರ್ಟ್ನೆಲ್ ಆರೋಗ್ಯ ಕೆಟ್ಟಿತು. ನಮ್ಮ ಸೀರಿಯಲ್‌ನವರಾಗಿದ್ದರೆ "ಈ ಪಾತ್ರವನ್ನು ಇನ್ನು ಮುಂದೆ ಇಂಥವರು ನಿರ್ವಹಿಸಲಿದ್ದಾರೆ" ಅಂತ ಒಂದು ಸಾಲು ಹಾಕಿ ಮುಗಿಸುತ್ತಿದ್ದರು, ನಮ್ಮಮ್ಮನೂ ಮರುದಿನದಿಂದ ಹೊಸ ಮುಖವನ್ನೇ ಸೊಸೆ ಅಂತ ಒಪ್ಪಿಕೊಳ್ಳುತ್ತಿದ್ದರು. ಅವರು ಅದನ್ನೇ ಕಥೆ ಮಾಡಿದರು. ಡಾಕ್ಟರ್ ಅನ್ಯಗ್ರಹದವನು, ಸಾಯುವ ಹೊತ್ತಿಗೆ ಮೈಯೇ ಬದಲಾಗುತ್ತದೆ. 1976ರಲ್ಲಿ ಇನ್ನೊಬ್ಬ ಲೇಖಕ ಇದಕ್ಕೆ ಹನ್ನೆರಡು ಸಲ ಅಂತ ಮಿತಿ ಹಾಕಿದ. ಆ ಕಥೆ ಬಂದಾಗ ಅಲ್ಲಿನ ಅಭಿಮಾನಿ ಸಂಘದ ಅಧ್ಯಕ್ಷರೇ, ಡಾಕ್ಟರ್‌ನ ಊರನ್ನು ಕೆಡಿಸಿಬಿಟ್ಟರು ಅಂತ ಕೆಂಡ ಕಾರಿದ್ದರು. ಇವತ್ತು ಅದೇ ಕಥೆಯನ್ನು ಅತ್ಯುತ್ತಮಗಳ ಸಾಲಿಗೆ ಸೇರಿಸುತ್ತಾರೆ. 2013ರಲ್ಲಿ ಮಿತಿ ಮುಗಿದಾಗ ಹೊಸದಾಗಿ ಜೀವಗಳನ್ನು ದಯಪಾಲಿಸಿದರು. 2020ರಲ್ಲಿ ಡಾಕ್ಟರ್‌ಗೆ ನಾವು ಕಾಣದ ಹಿಂದಿನ ಜನ್ಮಗಳೂ ಇದ್ದವು ಅಂತ ಹೇಳಿದಾಗ ಮತ್ತೆ ಕೆಂಡ. ಆ 2020ರ ಕಂತು ನನಗೂ ಹಿಡಿಸಲಿಲ್ಲ. ಆದರೆ ನಿಯಮ ಮುರಿದರು ಅಂತಲ್ಲ. ಬಹುಪಾಲು ಹೊತ್ತು ಒಬ್ಬ ಹೇಳುತ್ತಾ ಹೋಗುತ್ತಾನೆ, ಇನ್ನೊಬ್ಬರು ಕೇಳುತ್ತಾ ನಿಲ್ಲುತ್ತಾರೆ. ಭಾಷಣ ಕೇಳೋಕೆ ಟಿವಿ ಬೇಕಾ?

ಮಡಿಕೇರಿ ದಸರಾ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗಬಹುದು. ವಿಜಯದಶಮಿ ರಾತ್ರಿ ಹತ್ತು ಮಂಟಪ ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ಆಳೆತ್ತರ ಮೀರಿದ ಮೂರ್ತಿಗಳು, ಹೊಗೆ, ಬೆಂಕಿ, ಎದೆ ನಡುಗುವ ಸೌಂಡು. ಕಥೆ ಎಲ್ಲರಿಗೂ ಬಾಯಿಪಾಠ. ಬೆಳಗಿನ ಜಾವ ಚಳಿಯಲ್ಲಿ ರಸ್ತೆ ಬದಿ ನಿಂತ ಜನ ಹೋದ ವರ್ಷದ ರಾಕ್ಷಸನಿಗೂ ಈ ವರ್ಷದವನಿಗೂ ಮುಖ ಬೇರೆ ಅಂತ ಜಗಳ ತೆಗೆಯುವುದಿಲ್ಲ. "ಮೂವ್‌ಮೆಂಟ್ ಸಾಲದು", "ಲೈಟಿಂಗ್ ಈ ಸಲ ಏಳಲಿಲ್ಲ", ಮಾತೆಲ್ಲ ಇದರ ಬಗ್ಗೆಯೇ. ಆದರೆ ಸಂಹಾರ ಆದ ರಾಕ್ಷಸ ಮರುಕ್ಷಣ ಎದ್ದು ಮೈ ಕೊಡವಿಕೊಂಡು ನಡೆದರೆ? ಒಬ್ಬನೂ ಒಪ್ಪುವುದಿಲ್ಲ.

ನನ್ನ ತಕರಾರು ಇರುವುದು ಅಲ್ಲಿ. ಹಣೆ, ಇಸವಿ, ಅಕ್ಕ ತಂಗಿ ಇವೆಲ್ಲ ಬದಲಾಗಲಿ. ಆದದ್ದು ಆಗಲೇ ಇಲ್ಲ ಅನ್ನಬೇಡಿ.

'ಸ್ಟಾರ್ ಟ್ರೆಕ್: ವಾಯೇಜರ್' ತೆಗೆದುಕೊಳ್ಳಿ. 1995ರಲ್ಲಿ ಬಂತು. ಹಡಗೊಂದು ಮನೆಯಿಂದ 70 ಸಾವಿರ ಜ್ಯೋತಿರ್ವರ್ಷ ದೂರ ಎಸೆಯಲ್ಪಡುತ್ತದೆ. ವಾಪಸ್ಸು ಬರಲು ಸುಮಾರು 75 ವರ್ಷ ಬೇಕು. ರಿಪೇರಿಗೆ ಬಂದರಿಲ್ಲ. ಎಂಥ ಕಥಾವಸ್ತು! ನಡೆದದ್ದೇನು? ಈ ವಾರ ಹಡಗಿನ ಅರ್ಧ ಉರಿದುಹೋಗುತ್ತದೆ, ಮುಂದಿನ ವಾರ ಶೋರೂಮಿನಿಂದ ಬಂದ ಹಾಗೆ ಹೊಳೆಯುತ್ತದೆ. ಮೊದಲ ಸೀಸನ್‌ನಲ್ಲಿ ಟಾರ್ಪಿಡೊ ಇರುವುದೇ 38, ಮತ್ತೆ ಮಾಡಿಕೊಳ್ಳಲು ಆಗುವುದಿಲ್ಲ ಅನ್ನುತ್ತಾರೆ. ಅಭಿಮಾನಿಗಳು ಎಣಿಸುತ್ತಾ ಕೂತರು, ಲೆಕ್ಕ ಎಂದೋ ದಾಟಿತು. 1997ರಲ್ಲಿ 'ಇಯರ್ ಆಫ್ ಹೆಲ್' ಅಂತ ಎರಡು ಕಂತು ಬಂದವು. ಹಡಗು ಚಿಂದಿಯಾಗುತ್ತದೆ, ಜನ ಕುಗ್ಗುತ್ತಾರೆ, ಕ್ಯಾಪ್ಟನ್ ಜೇನ್‌ವೇ ಮುಖದಲ್ಲಿ ಸುಟ್ಟ ಗಾಯ. ನಾನು ಕುರ್ಚಿ ತುದಿಯಲ್ಲಿ ಕೂತಿದ್ದೆ. ಕೊನೆಯಲ್ಲಿ ಕಾಲವೇ ಹಿಂದಕ್ಕೆ ತಿರುಗಿ, ಏನೂ ಆಗಿಲ್ಲ, ಯಾರಿಗೂ ನೆನಪಿಲ್ಲ. ಮೋಸ ಅಲ್ವಾ?

ಕಾರಣ ಇತ್ತು, ನಿಜ. ಆಗಿನ ಅಮೆರಿಕದಲ್ಲಿ ಸ್ಥಳೀಯ ಚಾನೆಲ್‌ಗಳು ಹಳೆಯ ಕಂತುಗಳನ್ನು ಹಿಂದೆ ಮುಂದೆ ಮಾಡಿ ಹಾಕುತ್ತಿದ್ದವು. ಒಂದು ವಾರ ತಪ್ಪಿದವನಿಗೂ ಕಥೆ ಹತ್ತಬೇಕು. ಕರೆಂಟ್ ಹೋಗಿ ಕಂತು ತಪ್ಪಿಸಿಕೊಂಡ ನಮಗೆ ಅದರ ಬೆಲೆ ಗೊತ್ತು. ಆದರೂ ಅದೇ ಕಟ್ಟುಪಾಡಿನೊಳಗೆ ಬೇರೆಯವರು ದಾರಿ ಕಂಡುಕೊಂಡಿದ್ದರು.

1990ರಲ್ಲಿ, ಸ್ಟಾರ್ ಟ್ರೆಕ್‌ನದೇ ಇನ್ನೊಂದು ಸರಣಿ 'ದಿ ನೆಕ್ಸ್ಟ್ ಜನರೇಷನ್'ನಲ್ಲಿ, ಹಿಡಿದವರನ್ನೆಲ್ಲ ತಮ್ಮಂತೆ ಮಾಡಿಕೊಳ್ಳುವ ಅರೆಯಂತ್ರ ಜೀವಿಗಳಾದ ಬೋರ್ಗ್‌ಗಳು ಕ್ಯಾಪ್ಟನ್ ಪಿಕಾರ್ಡ್‌ನನ್ನು ಹಿಡಿದು, ಅರ್ಧ ಯಂತ್ರ ಮಾಡಿ, ಅವನ ತಿಳಿವಳಿಕೆಯನ್ನೇ ಬಳಸಿ ಅವನವರನ್ನೇ ಕೊಲ್ಲುತ್ತಾರೆ. ಹೇಗೋ ಬಿಡಿಸಿ ತರುತ್ತಾರೆ. ಅಲ್ಲಿಗೆ ಮುಗಿಸಿ ಮುಂದಿನ ಗ್ರಹಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. 'ಫ್ಯಾಮಿಲಿ' ಅಂತ ಒಂದು ಕಂತು ಬಂತು. ಪಿಕಾರ್ಡ್ ಫ್ರಾನ್ಸಿನ ತನ್ನ ಊರಿಗೆ, ಅಣ್ಣ ನೋಡಿಕೊಳ್ಳುವ ದ್ರಾಕ್ಷಿ ತೋಟಕ್ಕೆ ಹೋಗುತ್ತಾನೆ. ಬಾಹ್ಯಾಕಾಶದ ಕಾಳಗ ಒಂದೂ ಇಲ್ಲ. ಅಣ್ಣ ತಮ್ಮನಿಗೆ ಹಳೆಯ ಕಿರಿಕಿರಿ, ಊರು ಬಿಟ್ಟು ಹೋದವನು ದೊಡ್ಡ ಮನುಷ್ಯನಾದ ಅನ್ನುವುದು. ನಮ್ಮ ತೋಟದ ಮನೆಗಳಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ಮಾತಿಗೆ ಮಾತು ಬೆಳೆದು ಇಬ್ಬರು ನಡುವಯಸ್ಸಿನವರು ದ್ರಾಕ್ಷಿ ಸಾಲಿನ ಮಧ್ಯೆ ಕೆಸರಲ್ಲಿ ಬಿದ್ದು ಹೊಡೆದಾಡುತ್ತಾರೆ. ಮೊದಲು ನಗುತ್ತಾರೆ. ನಗುನಗುತ್ತಲೇ ಪಿಕಾರ್ಡ್ ಅಳಲು ಶುರು ಮಾಡುತ್ತಾನೆ. ನನ್ನನ್ನು ಬಳಸಿಕೊಂಡು ಕೊಂದರು, ನಾನು ತಡೆಯಲು ಆಗಲಿಲ್ಲ ಅನ್ನುತ್ತಾನೆ. ಮೈತುಂಬ ಕೆಸರು, ಅಣ್ಣ ಪಕ್ಕದಲ್ಲಿ ಕೂತು, ಇದರ ಜೊತೆಯೇ ಬದುಕಬೇಕು ನೀನು ಅನ್ನುವಂತೆ ಹೇಳುತ್ತಾನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ ನಮ್ಮ ಜಿಲ್ಲೆಯಲ್ಲಿ ಮಳೆಯ ಸದ್ದು ಕೇಳುವ ರೀತಿಯೇ ಬೇರೆ ಆಗಿದೆ. ಟಿವಿ ನೋಡುತ್ತಾ ಕೂತವರೂ ಜೋರು ಸುರಿದರೆ ಸೌಂಡ್ ಕಡಿಮೆ ಮಾಡಿ ಹೊರಗೆ ಕಿವಿ ಕೊಡುತ್ತಾರೆ. ಇಂಥ ಕಡೆ ಕೂತು ನೋಡುವ ನನಗೆ 'ಫ್ಯಾಮಿಲಿ' ನಂಬಬಹುದಾದ ಕಥೆ, ವಾರಕ್ಕೊಮ್ಮೆ ಹೊಸದಾಗುವ ಹಡಗು ನಂಬಲಾಗದ ಕಥೆ.

'ಫ್ಯಾಮಿಲಿ' ಬರೆದವರು ರೊನಾಲ್ಡ್ ಮೂರ್. ಆಮೇಲೆ 'ಡೀಪ್ ಸ್ಪೇಸ್ ನೈನ್'ನಲ್ಲಿ ಇದ್ದರು, 'ವಾಯೇಜರ್'ಗೆ ಹೋಗಿ ಸ್ವಲ್ಪ ದಿನದಲ್ಲೇ ಹೊರಬಂದರು. ಮುಂದೆ ಅವರು ಹೊಸದಾಗಿ ಕಟ್ಟಿದ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'ದಲ್ಲಿ ಒಂದು ಬಿಳಿ ಬೋರ್ಡ್ ಇದೆ. ಮನುಷ್ಯಕುಲ ನಾಶವಾಗಿ ಉಳಿದವರು ಐವತ್ತು ಸಾವಿರದಷ್ಟು. ಅಧ್ಯಕ್ಷೆ ಆ ಸಂಖ್ಯೆಯನ್ನು ಬೋರ್ಡ್ ಮೇಲೆ ಕೈಯಲ್ಲಿ ಬರೆದಿಟ್ಟಿರುತ್ತಾಳೆ. ಸತ್ತಾಗೆಲ್ಲ ಅಳಿಸಿ ಕಮ್ಮಿ ಮಾಡುತ್ತಾಳೆ. ಒಂದು ಕಂತಿನ ಕೊನೆಯಲ್ಲಿ ಮಗು ಹುಟ್ಟಿದ ಸುದ್ದಿ ಬರುತ್ತದೆ, ಒಂದು ಕೂಡಿಸುತ್ತಾಳೆ. ತಾಳೆ ಅಂದರೆ ನನಗೆ ಇದು. ಆ ಸರಣಿಯ ಕೊನೆ 2009ರಲ್ಲಿ ಬಹಳ ಮಂದಿಗೆ ಹಿಡಿಸಲಿಲ್ಲ, ನಾನಂತೂ ಕ್ಷಮಿಸಿದ್ದೇನೆ.

ಎಲ್ಲ ಸರಿಯಾಗಿ ತಾಳೆ ಮಾಡಿಯೂ ಹದಗೆಡಿಸಬಹುದು ಅನ್ನುವುದಕ್ಕೆ 'ಎಂಟರ್‌ಪ್ರೈಸ್'ನ ಕೊನೆಯ ಕಂತು ನೋಡಿ. 2005ರಲ್ಲಿ ಬಂತು, 1994ರ ಒಂದು 'ನೆಕ್ಸ್ಟ್ ಜನರೇಷನ್' ಕಂತಿನ ಸಂದಿಗೆ ಜೋಡಿಸಿದ್ದರು. ನಾಲ್ಕು ವರ್ಷ ಜೊತೆಗಿದ್ದ ಪಾತ್ರಗಳ ಕೊನೆಯನ್ನು ಬೇರೆ ಸರಣಿಯ ರೈಕರ್ ಬಂದು ಸಿಮ್ಯುಲೇಷನ್‌ನಲ್ಲಿ ನೋಡಿ ಹೋಗುತ್ತಾನೆ. ಮಧ್ಯೆ ಒಬ್ಬ ಮುಖ್ಯ ಪಾತ್ರವನ್ನು ಕಾರಣವೇ ಇಲ್ಲದೆ ಸಾಯಿಸುತ್ತಾರೆ. ತಮ್ಮ ಮದುವೆಯ ಊಟಕ್ಕೆ ತಾವೇ ಹೊರಗೆ ನಿಂತ ಹಾಗಾಯಿತು ಆ ನಟರ ಸ್ಥಿತಿ. ಇದೊಂದರಲ್ಲಿ ಅಳಿಯನಿಗೂ ನನಗೂ ಒಂದೇ ಅಭಿಪ್ರಾಯ.

ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ, ಅದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. "ಮಾವ, ಸಣ್ಣ ವಿಷಯವನ್ನೇ ನೆನಪಿಟ್ಟುಕೊಳ್ಳದವರು ದೊಡ್ಡದನ್ನ ನೆನಪಿಟ್ಟುಕೊಳ್ತಾರೆ ಅಂತ ನಾನು ಹೇಗೆ ನಂಬಲಿ?" ಪೂರ್ತಿ ತಳ್ಳಿಹಾಕುವ ಮಾತಲ್ಲ. ಟಾರ್ಪಿಡೊ ಲೆಕ್ಕ ತಪ್ಪಿದ್ದು, ಗಾಯ ಮಾಯವಾದದ್ದು ಎರಡೂ ಒಂದೇ ಹಡಗಿನಲ್ಲಿ ತಾನೇ?

ಆದರೂ ನನ್ನ ಹತ್ತಿರ ಒಂದು ಉತ್ತರ ಇತ್ತು. ಖಾನ್ ಅನ್ನುವ ಖಳನಾಯಕ 1967ರ ಫೆಬ್ರವರಿಯಲ್ಲಿ ಬಂದು ಹೋದ. ಚೆಕಾವ್ ಅನ್ನುವ ಪಾತ್ರ ಸರಣಿಗೆ ಸೇರಿದ್ದೇ ಆ ವರ್ಷದ ಸೆಪ್ಟೆಂಬರಿನಲ್ಲಿ. 1982ರ ಸಿನಿಮಾದಲ್ಲಿ ಖಾನ್ ಮರಳಿ ಬಂದವನೇ ಚೆಕಾವ್‌ನ ಮುಖ ನೋಡಿ ಗುರುತು ಹಿಡಿಯುತ್ತಾನೆ! ಇಷ್ಟು ದೊಡ್ಡ ತಪ್ಪು ಇಟ್ಟುಕೊಂಡೂ ಸ್ಟಾರ್ ಟ್ರೆಕ್ ಸಿನಿಮಾಗಳಲ್ಲಿ ಅದೇ ಅತ್ಯುತ್ತಮ ಅನ್ನುವವರು ಬಹಳ ಮಂದಿ. ಚೆಕಾವ್ ಪಾತ್ರ ಮಾಡಿದ ವಾಲ್ಟರ್ ಕೋನಿಗ್ ಇದಕ್ಕೊಂದು ತಮಾಷೆಯ ಸಮಜಾಯಿಷಿಯನ್ನೂ ಕೊಟ್ಟಿದ್ದಾರೆ. ಚೆಕಾವ್ ಆಗಲೂ ಹಡಗಲ್ಲೇ ಇದ್ದ, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಖಾನ್ ಬಾತ್‌ರೂಮ್ ಹೊರಗೆ ತಡೆದುಕೊಂಡು ನಿಂತಿದ್ದಾಗ ಒಳಗೆ ಸೇರಿಕೊಂಡು ಹೊರಗೆ ಬಾರದಿದ್ದವನು ಚೆಕಾವ್. ಅಂಥ ಮುಖ ಮರೆಯೋಕಾಗುತ್ತಾ?

ಅಕ್ಕ ಅಡುಗೆಮನೆಯಲ್ಲೇ ಜೋರಾಗಿ ನಕ್ಕಳು. ಅಳಿಯ ಮದ್ದುಸೊಪ್ಪಿನ ಪಾಯಸದ ಲೋಟ ಕೆಳಗಿಟ್ಟು, ಮುಖ ಸಪ್ಪೆ ಮಾಡಿಕೊಂಡು ಹೇಳಿದ: "ಅದು ಕ್ಯಾನನ್ ಅಲ್ಲ, ಮಾವ."